ಕುಲಾವಿ ರೆಡಿ, ಕೂಸು ಆಮೇಲೆ

ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕಿನವರ ದೂರದೃಷ್ಟಿಗೆ ನಾನಂತೂ ಕೈ ಮುಗಿದಿದ್ದೇನೆ. ಗ್ರಾಹಕರ ಫೋನಿಗೆ ಉತ್ತರ ಕೊಡಲು ವಾಯ್ಸ್ ಬಾಟ್, ಅಂದರೆ ಮನುಷ್ಯರ ಬದಲು ಮಾತಾಡುವ ಎಐ ಯಂತ್ರ, ಕೂರಿಸಿದರು. ವಾರಕ್ಕೆ 2,000 ಕರೆ ಕಡಿಮೆಯಾಯಿತು ಎಂದು ಲೆಕ್ಕ ಕೊಟ್ಟರು. 2025ರ ಜುಲೈನಲ್ಲಿ 45 ಜನರನ್ನು ಕರೆದು, ನಿಮ್ಮ ಹುದ್ದೆ ಇನ್ನು ಬೇಕಿಲ್ಲ ಎಂದರು. ಕರೆ ಕಡಿಮೆ ಎಲ್ಲಿ ಸ್ವಾಮಿ, ಜಾಸ್ತಿ ಆಗ್ತಿದೆ, ಟೀಮ್ ಲೀಡರುಗಳೇ ಕೂತು ಫೋನ್ ಎತ್ತುತ್ತಿದ್ದಾರೆ ಎಂದು ನೌಕರರ ಸಂಘ ಗಲಾಟೆ ಮಾಡಿತು. ಆಗಸ್ಟ್‌ನಲ್ಲಿ ಬ್ಯಾಂಕು ಕ್ಷಮೆ ಕೇಳಿ ಹಿಂದೆ ಸರಿಯಿತು. ತೀರ್ಮಾನ ಮಾಡುವಾಗ ಎಲ್ಲ ಅಂಶಗಳನ್ನೂ ಸರಿಯಾಗಿ ನೋಡಿರಲಿಲ್ಲವಂತೆ. ಬಿಟ್ಟುಹೋದ ಅಂಶ ಒಂದೇ ಒಂದು: ಫೋನ್ ಬರುತ್ತಿದೆಯೋ ಇಲ್ಲವೋ ಎಂಬುದು. ಕಾಲ್ ಸೆಂಟರಿನಲ್ಲಿ ಅದೇನು ಅಷ್ಟು ಮುಖ್ಯ ಅಲ್ಲ ಬಿಡಿ.

ಯಾವ ಕಂಪನಿಗೆ ಹೋದರೂ ಈಗ ಎಐ ಅಳವಡಿಕೆಯ ಯೋಜನೆ ಸಿದ್ಧವಾಗಿರುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ನಾವು ಮೊದಲಿನಿಂದಲೂ ಮುಂದು. ಪಕ್ಕದ ಕಂಪನಿಯವರು ಹಾಕಿಸಿದ್ದಾರಂತೆ, ನಮ್ಮಲ್ಲೂ ಬೇಕು ಎನ್ನುವಲ್ಲಿಗೆ ಅಧ್ಯಯನ ಮುಗಿಯಿತು. ಆಮೇಲೆ ಸಮಿತಿ, ಲೈಸೆನ್ಸು, ಎಲ್ಲರಿಗೂ ತರಬೇತಿ, ತರಬೇತಿಗೆ ಬಂದವರಿಗೆ ಸರ್ಟಿಫಿಕೇಟು. ಇದರಿಂದ ಯಾವ ಕೆಲಸ ಮಾಡಿಸಬೇಕು ಎಂಬ ಪ್ರಶ್ನೆಗೂ ಜಾಗ ಇದೆ, ಇಲ್ಲ ಅನ್ನಬಾರದು. 'ಧನ್ಯವಾದಗಳು' ಎಂಬ ಸ್ಲೈಡಿಗಿಂತ ಸ್ವಲ್ಪ ಹಿಂದೆ ಬರುತ್ತದೆ. ಅಷ್ಟೊತ್ತಿಗೆ ಊಟಕ್ಕೆ ಹೊತ್ತಾಗಿರುತ್ತದೆ.

ಈ ಬಾಟ್‌ಗಳ ಜೊತೆ ನಮಗೂ ದಿನದ ಒಡನಾಟ ಇದೆಯಲ್ಲ. ಕನ್ನಡಕ್ಕೆ ಎರಡು ಒತ್ತಿ ಎನ್ನುತ್ತದೆ. ಒತ್ತಿದರೆ ಹಿಂದಿಯಲ್ಲಿ ಶುರುವಾಗುತ್ತದೆ. ಕಾರ್ಡು ಕಳೆದಿದೆ ತಾಯಿ ಎಂದರೆ ಹೊಸ ಕಾರ್ಡಿನ ಆಫರ್ ಹೇಳುತ್ತದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಅಷ್ಟು ಸಲ ಹೇಳುವವರು ಕರೆ ಎತ್ತುವುದಕ್ಕೆ ಒಬ್ಬ ಮನುಷ್ಯನನ್ನು ಮಾತ್ರ ಇಡುವುದಿಲ್ಲ.

ಏರ್ ಕೆನಡಾ ಎಂಬ ವಿಮಾನ ಕಂಪನಿಯ ಕಥೆ ನೀವು ಕೇಳಿರುತ್ತೀರಿ. ಆದರೂ ಹೇಳುತ್ತೇನೆ, ನನಗೆ ಬಹಳ ಇಷ್ಟ ಅದು. ಅಜ್ಜಿ ತೀರಿಕೊಂಡಿದ್ದ ಒಬ್ಬರು, ಸಾವಿನ ಮನೆಗೆ ಹೋಗುವವರಿಗೆ ಟಿಕೆಟ್‌ನಲ್ಲಿ ರಿಯಾಯಿತಿ ಉಂಟೇ ಎಂದು ಕಂಪನಿಯ ಚಾಟ್‌ಬಾಟನ್ನು ಕೇಳಿದರು. ಈಗ ಪೂರ್ತಿ ದುಡ್ಡು ಕೊಡಿ, 90 ದಿನದೊಳಗೆ ಅರ್ಜಿ ಹಾಕಿದರೆ ವಾಪಸ್ ಬರುತ್ತದೆ ಎಂದಿತು ಅದು. ಹಾಗೇನೂ ನಿಯಮ ಇಲ್ಲ ಎಂದಿತು ಕಂಪನಿ. ಜಗಳ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಕಂಪನಿ ಹೂಡಿದ ವಾದ ಏನು ಗೊತ್ತಾ? ಚಾಟ್‌ಬಾಟ್ ಎನ್ನುವುದು ಪ್ರತ್ಯೇಕ ವ್ಯಕ್ತಿ ಇದ್ದ ಹಾಗೆ, ಅದು ಆಡಿದ ಮಾತಿಗೆ ಅದೇ ಹೊಣೆ ಅಂತ! ಸಂಬಳ ಇಲ್ಲ, ರಜೆ ಇಲ್ಲ, ಪಿಎಫ್ ಇಲ್ಲ. ಸಿಕ್ಕಿಬಿದ್ದಾಗ ಮಾತ್ರ ಅದು ಸ್ವತಂತ್ರ ನೌಕರ. 2024ರ ಫೆಬ್ರವರಿಯಲ್ಲಿ ಮಂಡಳಿ ಈ ವಾದವನ್ನು ಪಕ್ಕಕ್ಕಿಟ್ಟು, ಸುಮಾರು 812 ಕೆನಡಾ ಡಾಲರ್ ಕಟ್ಟಿಸಿತು. ಅಷ್ಟು ದುಡ್ಡಿಗೆ ಅಂಥ ವೇದಾಂತ!

ಕಂಪನಿಗಳಿಗೆ ಗೊತ್ತಾಗದಿದ್ದರೆ ಹೇಳಿಕೊಡಲು ಕನ್ಸಲ್ಟೆಂಟುಗಳಿದ್ದಾರಲ್ಲ. ಮತ್ತೆ ಆಸ್ಟ್ರೇಲಿಯಾಕ್ಕೇ ಬನ್ನಿ. ಕೆಲಸವಿಲ್ಲದವರು ಸರ್ಕಾರದ ಷರತ್ತು ತಪ್ಪಿದರೆ ಅವರ ಭತ್ಯೆಯನ್ನು ತಾನಾಗಿಯೇ ತಡೆಹಿಡಿಯುವ ಕಂಪ್ಯೂಟರ್ ವ್ಯವಸ್ಥೆಯೊಂದು ಅಲ್ಲಿದೆ. ಅದು ಸರಿ ಇದೆಯಾ ನೋಡಿ ಎಂದು ಸರ್ಕಾರ ಕನ್ಸಲ್ಟೆಂಟ್ ಕಂಪನಿ ಡೆಲಾಯ್ಟ್‌ಗೆ ಸುಮಾರು 4,40,000 ಆಸ್ಟ್ರೇಲಿಯನ್ ಡಾಲರ್‌ನ ಕೆಲಸ ಕೊಟ್ಟಿತು. ವರದಿ ಬಂತು. ಅದರಲ್ಲಿ ಯಾರೂ ಬರೆಯದ ಪ್ರಬಂಧಗಳ ಉಲ್ಲೇಖವಿತ್ತು. ಕೋರ್ಟ್ ತೀರ್ಪಿನಲ್ಲಿ ಇಲ್ಲದ ಮಾತೂ ಇತ್ತು. ವಿಶ್ವವಿದ್ಯಾಲಯದ ಒಬ್ಬ ಸಂಶೋಧಕ ಓದಿ ಹಿಡಿದರು. ಇಂಥ ವರದಿಯನ್ನು ಯಾರೋ ನಿಜಕ್ಕೂ ಓದುತ್ತಾರೆ ಎಂದು ಪಾಪ, ಕಂಪನಿಗೆ ಹೊಳೆದಿರಲಿಲ್ಲ. 2025ರ ಅಕ್ಟೋಬರ್‌ನಲ್ಲಿ ತಿದ್ದಿದ ಪ್ರತಿ ಬಂತು. 141 ಇದ್ದ ಉಲ್ಲೇಖಗಳು 127 ಆದವು. ಎಐ ಬಳಸಿದ್ದೆವು ಎಂಬ ಸಾಲು ಆಗ ಸೇರಿಕೊಂಡಿತು. ಅದೇ ಹೊತ್ತಿಗೆ ಡೆಲಾಯ್ಟ್, ಜಗತ್ತಿನಾದ್ಯಂತ ಇರುವ ತನ್ನ 4,70,000ಕ್ಕೂ ಹೆಚ್ಚು ನೌಕರರಿಗೆ ಆಂಥ್ರೊಪಿಕ್ ಕಂಪನಿಯ ಕ್ಲಾಡ್ ಎಂಬ ಎಐ ಕೊಡುವುದಾಗಿ ಪ್ರಕಟಿಸಿತು. ಮುಹೂರ್ತ ನೋಡುವುದಕ್ಕೂ ಒಂದು ಎಐ ಬೇಕಿತ್ತು.

ನಗುವುದು ಇಲ್ಲಿಗೆ ಸಾಕು. ಕೆಲಸ ಕಳೆದುಕೊಂಡವನು ಒಂದು ಷರತ್ತು ತಪ್ಪಿದರೆ ಆ ಯಂತ್ರ ಅವನ ಭತ್ಯೆಯನ್ನು ತಡೆಹಿಡಿಯುತ್ತದೆ. ಯಾಕಪ್ಪಾ ಬರಲಿಲ್ಲ, ಮಗುವಿಗೆ ಜ್ವರ ಇತ್ತಾ, ಬಸ್ಸು ತಪ್ಪಿತಾ ಎಂದು ಅದು ಕೇಳುವುದಿಲ್ಲ. 900ಕ್ಕೂ ಹೆಚ್ಚು ಜನರ ಭತ್ಯೆಯನ್ನು ತಪ್ಪಾಗಿ ರದ್ದು ಮಾಡಲಾಗಿತ್ತು ಎಂದು, ಸರ್ಕಾರಿ ಕಚೇರಿಗಳ ಮೇಲಿನ ದೂರು ವಿಚಾರಿಸುವ ಅಲ್ಲಿನ ಓಂಬುಡ್ಸ್‌ಮನ್ನೇ ಹೇಳಿದ್ದಾರೆ. ಆ ಯಂತ್ರವನ್ನು ಪರೀಕ್ಷಿಸಲು ಹೋದವರು ತೀರ್ಪಿನಲ್ಲಿ ಇಲ್ಲದ ಮಾತನ್ನು ತಂದಿಟ್ಟರೆ? ಅವರಿಗೆ ಆದ ಶಿಕ್ಷೆ ಕೊನೆಯ ಕಂತು ವಾಪಸ್ ಕೊಡುವುದು. ಉಳಿದ ಕಂತುಗಳು ಅವರ ಹತ್ತಿರವೇ ಇವೆ. ಬಡವ ಒಂದು ತಪ್ಪು ಮಾಡಿದರೆ ಅಡುಗೆ ಮನೆ ಖಾಲಿ. ಇವರು ತಪ್ಪು ಮಾಡಿದರೆ 'ಪರಿಷ್ಕೃತ ಆವೃತ್ತಿ'. ಥೂ.

ಅಂದಹಾಗೆ, ಉಲ್ಲೇಖಗಳು ಸುಳ್ಳಾದರೂ ವರದಿಯ ಶಿಫಾರಸುಗಳಲ್ಲಿ ಏನೂ ಬದಲಾವಣೆ ಇಲ್ಲವಂತೆ.