ಮೂಟೆಗೆ 160 ಕೆಜಿ ಓಟಿ

ನಮ್ಮ ಚಿಕ್ಕಮಗಳೂರಿನ ಕಾಫಿ ಬೆಳೆಗಾರರನ್ನು ಓಟಿ (ಔಟ್‌ಟರ್ನ್, ಅಂದರೆ ಒಂದು ಮೂಟೆ ಒಣ ಕಾಫಿ ಹಣ್ಣಿಗೆ ಸಿಗುವ ಬೀಜದ ತೂಕ) ವಿಷಯದಲ್ಲಿ ಯಾಮಾರಿಸುವುದು ಕಷ್ಟ. 50 ಕೆಜಿ ಚೆರ್ರಿ (ಒಣ ಹಣ್ಣು) ಮೂಟೆಯಲ್ಲಿ ಬೀಜ 26 ಕೆಜಿ ಅಂತ ಇವರು, 25 ಅಂತ ವ್ಯಾಪಾರಿ. ಸ್ಯಾಂಪಲ್ ತೆಗೆದವರು ಯಾರು, ಮೂಟೆಯ ಮೇಲಿಂದಲೋ ತಳದಿಂದಲೋ, ತೇವ ನೋಡುವ ಮೀಟರ್ ಯಾರದ್ದು, ಎಲ್ಲಕ್ಕೂ ಜಗಳ.

ಅದೇ ಬೆಳೆಗಾರರು ಮೊನ್ನೆ ಒಂದು ಮದುವೆ ಹಾಲಿನಲ್ಲಿ ಕೈಕಟ್ಟಿ ಕೂತಿದ್ದರು. ವೇದಿಕೆ ಮೇಲೆ ಅಯಸ್ಕಾಂತದ ಜನರೇಟರ್. ಒಂದು ಯೂನಿಟ್ ಹಾಕಿದರೆ ಮೂರು ಯೂನಿಟ್ ಬರುತ್ತದಂತೆ. ಮೀಟರ್ ಮಾರಲು ಬಂದವರದ್ದೇ. ವೈರ್ ಸಿಕ್ಕಿಸಿದವರೂ ಅವರೇ. ಮೇಜಿಗೆ ನೆಲ ಮುಟ್ಟುವ ಜರಿ ಬಟ್ಟೆ ಬೇರೆ!

ಸುಮ್ನೆ ಇರಲಾರದೆ ಕೇಳಿದೆ: "ಬರೋ ಮೂರರಲ್ಲಿ ಒಂದನ್ನ ವಾಪಸ್ ಅದಕ್ಕೇ ಕೊಟ್ಟು, ಗೋಡೆಯ ಪ್ಲಗ್ ಕಿತ್ತುಬಿಡಿ ಸಾರ್."

"ಅದು ಮುಂದಿನ ಮಾಡೆಲ್‌ನಲ್ಲಿ ಬರುತ್ತೆ ಸಾರ್. ಈಗಲೇ ಬುಕ್ ಮಾಡಿದರೆ ರಿಯಾಯಿತಿ ಇದೆ."

ನಮ್ಮವರನ್ನೇ ಯಾಕೆ ಬೈಯಬೇಕು? 2014ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಪ್ರೊಫೆಸರುಗಳೇ ಇಟಲಿಯ ಆಂಡ್ರಿಯಾ ರೊಸ್ಸಿಯ, ಬಿಸಿ ಕೊಡುವ 'ಇ-ಕ್ಯಾಟ್' ಯಂತ್ರವನ್ನು 32 ದಿನ ಪರೀಕ್ಷೆ ಮಾಡಿದರು. ಕೊಟ್ಟದ್ದರ 3.2ರಿಂದ 3.6 ಪಟ್ಟು ಶಕ್ತಿ ಬಂತು ಎಂದು ವರದಿ ಬರೆದರು. ನಮ್ಮ ಲೆಕ್ಕದಲ್ಲಿ ಕಮ್ಮಿಯೆಂದರೂ ಮೂಟೆಗೆ 160 ಕೆಜಿ ಓಟಿ! ಯಂತ್ರಕ್ಕೆ ಇಂಧನದ ಪುಡಿ ತುಂಬುವಾಗ, ಯಂತ್ರ ಶುರು ಮಾಡುವಾಗ, ಕೊನೆಗೆ ಪುಡಿ ತೆಗೆಯುವಾಗ ಕೈಹಾಕಿದ್ದು ರೊಸ್ಸಿಯೇ. ಬಿಸಿಯನ್ನು ಅಳೆದದ್ದು ದೂರದಿಂದ, ಕ್ಯಾಮೆರಾದಲ್ಲಿ. ಆ ಲೆಕ್ಕಕ್ಕೆ ಹಿಡಿದ ಅಂಕಿಯೇ ತಪ್ಪು ಎಂದು ಆಮೇಲೆ ಬೇರೆಯವರು ತೋರಿಸಿದರು. ಮೂಟೆಯ ಫೋಟೋ ನೋಡಿ ತೂಕ ಹೇಳಿದ ಹಾಗಾಯ್ತು, ಅಲ್ವಾ?

ಇದಕ್ಕೆ ಪ್ರೊಫೆಸರಿಗಿಂತ ಮೆಕ್ಯಾನಿಕ್ಕೇ ವಾಸಿ. 1813ರಲ್ಲಿ ನ್ಯೂಯಾರ್ಕಿನಲ್ಲಿ ರೆಡ್‌ಹೆಫರ್ ಎಂಬಾತ 'ತಾನೇ ತಿರುಗುವ ಯಂತ್ರ' ತೋರಿಸಿ ಟಿಕೆಟ್ ಮಾರುತ್ತಿದ್ದ. ನೋಡಲು ಹೋದವನು ಸ್ಟೀಮ್ ಬೋಟಿನ ರಾಬರ್ಟ್ ಫುಲ್ಟನ್. ಚಕ್ರ ಒಂದೇ ಸಮ ತಿರುಗುತ್ತಿಲ್ಲ, ಕೈಯಲ್ಲಿ ತಿರುವಿದ ಹಾಗಿದೆ ಅನ್ನಿಸಿತು. ಪಕ್ಕದ ಹಲಗೆ ಕಿತ್ತ. ಒಳಗೆ ಕರುಳಿನ ಹುರಿಯ ಬೆಲ್ಟ್. ಅದರ ಜಾಡು ಹಿಡಿದು ಅಟ್ಟ ಹತ್ತಿದರೆ, ಗಡ್ಡದ ಮುದುಕನೊಬ್ಬ ಒಂದು ಕೈಯಲ್ಲಿ ಬ್ರೆಡ್ ತಿನ್ನುತ್ತಾ ಇನ್ನೊಂದರಲ್ಲಿ ಹಿಡಿ ತಿರುವುತ್ತಿದ್ದ. ಪಾಪ, ಇಡೀ ಯೋಜನೆಯಲ್ಲಿ ನಿಜವಾಗಿ ಕೆಲಸ ಮಾಡಿದವನು ಅವನೊಬ್ಬನೇ.

ನಮ್ಮ ಹಾಲಿಗೆ ಅಟ್ಟ ಇರಲಿಲ್ಲ. ಜರಿ ಬಟ್ಟೆ ಎತ್ತಿ ನೋಡೋಣ ಅಂತ ಏಳುವಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಲೈಟ್ ಆರಿತು. ಮೂರು ಯೂನಿಟ್ ಕೊಡುವ ಜನರೇಟರ್ ಕೂಡ ಗರ್ ಅಂತ ನಿಂತಿತು.

ಪಕ್ಕದಲ್ಲಿದ್ದ ಗೌಡರು ಕತ್ತಲಲ್ಲೇ ಎದ್ದು ಚೆಕ್‌ಬುಕ್ ತೆಗೆದರು.

"ನೋಡಿ, ಈ ಕರೆಂಟಿನ ಕಾಟಕ್ಕೇ ನಮಗೆ ಇಂಥ ಮಷೀನ್ ಬೇಕು!"