ಒಂದು ಸ್ಟ್ರಾಗಾಗಿ ಕೋರ್ಟಿಗೆ ಹೋದ ಫಾದರ್

ಆದಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದ ಕ್ರೈಸ್ತ ಪಾದ್ರಿ ಫಾದರ್ ಸ್ಟ್ಯಾನ್ ಸ್ವಾಮಿ ಅವರಿಗೆ ಪಾರ್ಕಿನ್ಸನ್ಸ್ ಕಾಯಿಲೆ ಇತ್ತು. ಕೈ ನಡುಗಿ ಲೋಟ ಹಿಡಿದು ನೀರು ಕುಡಿಯುವುದೇ ಕಷ್ಟವಾಗಿತ್ತು. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಭೀಮಾ ಕೋರೆಗಾಂವ್ ಹಿಂಸಾಚಾರದ ಕೇಸಿನಲ್ಲಿ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಅವರನ್ನು ರಾಂಚಿಯಲ್ಲಿ ಬಂಧಿಸಿದಾಗ ವಯಸ್ಸು 83. ಮರುತಿಂಗಳು ಸ್ಟ್ರಾ, ಸಿಪ್ಪರ್ ಕೊಡಿಸಿ ಅಂತ ಕೋರ್ಟಿಗೆ ಅರ್ಜಿ ಹಾಕಿದರು. ತನಿಖಾ ಸಂಸ್ಥೆ ಉತ್ತರ ಕೊಡಲು 20 ದಿನ ಬೇಕಾಯಿತು. ಬಂಧಿಸುವಾಗ ಅವರಿಂದ ಅಂಥದ್ದೇನೂ ನಾವು ತೆಗೆದುಕೊಂಡಿಲ್ಲ ಅನ್ನುವುದೇ ಆ ಉತ್ತರ. ಆಮೇಲೆ ಜೈಲಿನವರು ಕೊಟ್ಟರು, ನಿಜ. ಆದರೆ ನಡುಗುವ ಕೈಗೆ ಸಿಪ್ಪರ್ ಕೊಡಲು ನ್ಯಾಯಾಧೀಶರೇ ಹೇಳಬೇಕಿತ್ತಾ?

2021ರ ಮೇನಲ್ಲಿ ವಿಡಿಯೋ ಮೂಲಕ ಬಾಂಬೆ ಹೈಕೋರ್ಟ್ ಮುಂದೆ ಬಂದು ತಮ್ಮ ಸ್ಥಿತಿ ಹೇಳಿಕೊಂಡರು. ಜೈಲಿಗೆ ಬಂದಾಗ ನಾನೇ ಊಟ ಮಾಡುತ್ತಿದ್ದೆ, ನಡೆಯುತ್ತಿದ್ದೆ, ಸ್ನಾನ ಮಾಡುತ್ತಿದ್ದೆ, ಈಗ ಯಾರಾದರೂ ತಿನ್ನಿಸಬೇಕು ಅಂದರು. ರಾಂಚಿಗೆ ಹೋಗಿ ನನ್ನವರ ಜೊತೆ ಇರುತ್ತೇನೆ ಅಂತ ಕೇಳಿಕೊಂಡರು. ಜುಲೈ 5ರಂದು ಆಸ್ಪತ್ರೆಯಲ್ಲಿ ತೀರಿಕೊಂಡರು, ಅವತ್ತೇ ಅವರ ಜಾಮೀನು ಅರ್ಜಿ ಹೈಕೋರ್ಟ್ ಮುಂದಿತ್ತು. ಮೂಲ ಕೇಸಿನ ವಿಚಾರಣೆ ಶುರುವೇ ಆಗಿರಲಿಲ್ಲ.

ಒಂದು ಕಾಲದಲ್ಲಿ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದವರು ಅವರು. ಆಮೇಲೆ ಜಾರ್ಖಂಡ್‌ಗೆ ಹೋಗಿ, ವಿಚಾರಣೆಯೇ ಇಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಪರವಾಗಿ ಅಲ್ಲಿನ ಹೈಕೋರ್ಟ್ ಮೆಟ್ಟಿಲು ಹತ್ತಿದರು. ದೇವರ ಕೆಲಸ ಅಂದರೆ ಅವರಿಗೆ ಅದೇ ಆಗಿತ್ತು.

ಈಗ ಇನ್ನೊಬ್ಬ ಧರ್ಮಗುರುವನ್ನು ನೋಡಿ. ಹರಿಯಾಣದ ಡೇರಾ ಸಚ್ಚಾ ಸೌದಾ ಪಂಥದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್. ಇಬ್ಬರು ಶಿಷ್ಯೆಯರ ಮೇಲಿನ ಅತ್ಯಾಚಾರಕ್ಕೆ 2017ರಲ್ಲಿ 20 ವರ್ಷ ಶಿಕ್ಷೆಯಾಯಿತು. ಇಲ್ಲಿ ಆರೋಪದ ಮಾತಲ್ಲ, ಸಾಬೀತಾದ ಅಪರಾಧ. 2023ರ ಜನವರಿಯಲ್ಲಿ 40 ದಿನ ಪೆರೋಲ್. 2024ರ ಜನವರಿಯಲ್ಲಿ 50 ದಿನ. ಅದೇ ವರ್ಷ ಹರಿಯಾಣ ಚುನಾವಣೆಗೆ ಮುಂಚೆ ಮತ್ತೆ 20 ದಿನ. ಎಲ್ಲ ಕಾನೂನಿನ ಪ್ರಕಾರವೇ ನಡೆದಿದೆ ಅಂತಾರೆ. ನನಗೆ ಸಂಕಟ ಆಗುವುದೇ ಅಲ್ಲಿ. ಫಾದರ್‌ಗೆ ಜಾಮೀನು ನಿರಾಕರಿಸಿದ್ದೂ ಕಾನೂನಿನ ಪ್ರಕಾರವೇ, ಜಾಮೀನು ಸಿಗುವುದೇ ಕಷ್ಟವಾದ ಭಯೋತ್ಪಾದನೆ ತಡೆ ಕಾನೂನು ಯುಎಪಿಎ ಅಡಿಯಲ್ಲಿ. ಹಾಗಾದರೆ ಕರುಣೆಗೂ ಕಾನೂನಿನಲ್ಲಿ ಜಾಗ ಇದೆ. ಹಿಂದೆ ಲಕ್ಷಾಂತರ ಭಕ್ತರು, ಅಂದರೆ ಲಕ್ಷಾಂತರ ಓಟು, ಇದ್ದವರಿಗೆ ಅದು ಬೇಗ ಸಿಗುತ್ತದೆ, ಅಷ್ಟೇ.

ಭಕ್ತರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ನಾನೂ ದೇವರನ್ನು ನಂಬುವವನು. ಆದರೆ ಆ ಇಬ್ಬರು ಹೆಣ್ಣುಮಕ್ಕಳೂ ಅದೇ ಗುರುವನ್ನು ನಂಬಿ ಹೋದವರು, ಅಲ್ವಾ? ಅವನು ಹೊರಗೆ ಬಂದಾಗಲೆಲ್ಲ ಅವರಿಗೆ ಹೇಗನಿಸುತ್ತದೆ ಅಂತ ಅವರನ್ನು ಯಾರಾದರೂ ಕೇಳಿದ್ದಾರಾ?

ನಮ್ಮ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಎಷ್ಟೋ ಜನರಿಗೆ ಜಾಮೀನು ಸಿಕ್ಕರೂ ಶ್ಯೂರಿಟಿ ಕೊಡುವವರು ಇರುವುದಿಲ್ಲ. 2024ರ ಜುಲೈನಿಂದ ಹೊಸ ಕಾನೂನು ಬಂದಿದೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 479ನೇ ಸೆಕ್ಷನ್. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿಗಳು, ತಮ್ಮ ಮೇಲಿನ ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಕೋರ್ಟ್ ಅವರನ್ನು ಬಾಂಡ್ ಮೇಲೆ ಬಿಡಬೇಕು. ಗಲ್ಲು, ಜೀವಾವಧಿಯ ಕೇಸುಗಳಿಗೆ, ಒಂದಕ್ಕಿಂತ ಜಾಸ್ತಿ ಕೇಸಿದ್ದವರಿಗೆ ಇದು ಇಲ್ಲ. ಆದರೆ ಅರ್ಜಿ ಹಾಕಬೇಕಾದವರು ಜೈಲ್ ಸೂಪರಿಂಟೆಂಡೆಂಟ್, ಕೈದಿ ಲಾಯರ್ ಹುಡುಕುತ್ತಾ ಅಲೆಯಬೇಕಿಲ್ಲ.

ನಿಮ್ಮವರು ಯಾರಾದರೂ ಒಳಗಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಈ ಸೆಕ್ಷನ್ ಹೆಸರು ಹೇಳಿ ಕೇಳಿ. ಅಲ್ಲಿ ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ.