ಶ್ರೀನಿವಾಸಪುರದ ಮಧ್ಯೆ ಬಿದ್ದ ಡೈಮಂಡು

ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಗೆ ನಾನೂ ನನ್ನ ಫ್ರೆಂಡೂ ಸೇರಿ ಬಿಲ್ಲಿನ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ರೈತರ ಹೆಸರು, ಊರು, ಎಷ್ಟು ಬಾಕ್ಸು, ಹರಾಜಿನಲ್ಲಿ ನಿಂತ ರೇಟು, ಜೊತೆಗೆ ಮಾಲಿನ ಒಂದು ಫೋಟೋ. ಎಲ್ಲ ಕನ್ನಡದಲ್ಲೇ. ಆಫ್‌ಸೀಸನ್‌ನಲ್ಲಿ ಆರಾಮಾಗಿ ನಡೆಯಿತು. ಸೀಸನ್ ಶುರುವಾಗಿ ದಿನದ ಲಿಸ್ಟ್ ಉದ್ದವಾಯಿತು ನೋಡಿ, ಮಂಡಿಯ ರೈಟರ್ ಫೋನ್ ಮಾಡಿದರು. "ಅಣ್ಣಾ, ಶ್ರೀನಿವಾಸಪುರದ ಮಧ್ಯದಲ್ಲಿ ಇಸ್ಪೀಟಿನ ಡೈಮಂಡ್ ಬಿದ್ದೈತೆ. ಒಳಗೆ ಕ್ವಶ್ಚನ್ ಮಾರ್ಕ್ ಬೇರೆ ಐತೆ. ರೈತರು ಕೇಳಿದ್ರೆ ಏನಂತ ಹೇಳ್ಲಿ?"

ತಪ್ಪು ನಮ್ಮದೇ. ಸರ್ವರ್‌ನಿಂದ ಹರಿದು ಬರುವ ಮಾಹಿತಿಯಿಂದ, ಅಂದರೆ ಇನ್‌ಪುಟ್ ಸ್ಟ್ರೀಮ್‌ನಿಂದ, 1024 ಬೈಟ್ (ಕಂಪ್ಯೂಟರ್ ಮಾಹಿತಿಯ ಪುಟ್ಟ ತುಂಡುಗಳು) ಓದು, ಅದನ್ನು ಸ್ಟ್ರಿಂಗ್, ಅಂದರೆ ಓದುವ ಅಕ್ಷರಗಳು, ಮಾಡು, ಹಿಂದಿನದಕ್ಕೆ ಅಂಟಿಸು, ಮತ್ತೆ 1024 ಓದು. ಇದು ನಮಗೆಲ್ಲ ಬಾಯಿಪಾಠ ಆಗಿರುವ ಕೋಡು, ಅಲ್ವಾ? ಇಂಗ್ಲಿಷ್‌ನಲ್ಲಿ ಒಂದಕ್ಷರಕ್ಕೆ ಒಂದೇ ಬೈಟ್, ಎಲ್ಲಿ ಕತ್ತರಿಸಿದರೂ ಅಕ್ಷರ ಪೂರ್ತಿ ಸಿಗುತ್ತದೆ. ಕನ್ನಡ ಹಾಗಲ್ಲ. ಅಕ್ಷರಗಳನ್ನು ಬೈಟ್ ರೂಪದಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. ಶ್ರೀನಿವಾಸಪುರ ಕಣ್ಣಿಗೆ ಆರಕ್ಷರ. ನಾವು ಕೋಡ್ ಬರೆದ ಜಾವಾ ಭಾಷೆಯನ್ನು ಉದ್ದ ಎಷ್ಟಪ್ಪಾ ಅಂತ ಕೇಳಿದರೆ 12 ಅನ್ನುತ್ತದೆ, ಯಾಕಂದರೆ ಒತ್ತಿನ ವಿರಾಮ, ದೀರ್ಘ, ಕೊಂಬು ಎಲ್ಲ ಅದಕ್ಕೆ ಬೇರೆ ಬೇರೆ. ವೈರಿನಲ್ಲಿ ಹೋಗುವುದು 36 ಬೈಟ್. ಅದರಲ್ಲಿ 'ಸ' ಒಂದೇ ಇ0, ಬಿ2, ಬಿ8 ಅಂತ ಮೂರು ತುಂಡು. 1024ನೇ ಬೈಟ್ ಸರಿಯಾಗಿ ಬಿ2 ಮೇಲೆ ಮುಗಿದರೆ, ಎರಡು ತುಂಡು ಈ ಕಡೆ, ಒಂದು ಆ ಕಡೆ. ಬೈಟ್‌ಗಳನ್ನು ಮತ್ತೆ ಅಕ್ಷರ ಮಾಡುವ ಡಿಕೋಡರ್, ಎರಡು ಕಡೆಯೂ ಅರ್ಥವಾಗದೆ, ಒಂದೊಂದು ಡೈಮಂಡ್ ಇಟ್ಟು ಮುಂದೆ ಹೋಗುತ್ತದೆ.

ನನ್ನ ಫ್ರೆಂಡು ಏನು ಮಾಡಿದ ಗೊತ್ತಾ, 1024 ಇದ್ದದ್ದನ್ನು 8192 ಮಾಡಿದ. ಡೈಮಂಡ್ ಮಾಯ! ಎರಡು ವಾರ ಖುಷಿಯಾಗಿದ್ದ. ರೋಗ ಎಲ್ಲಿಗೂ ಹೋಗಿರಲಿಲ್ಲ, ಅಪರೂಪಕ್ಕೆ ಬರುವ ಹಾಗೆ ಮಾಡಿದ್ದ ಅಷ್ಟೇ. ಇಂಥ ರಿಪೇರಿ ಬಗ್ಗೆ ನನಗೆ ಬಗ್‌ಗಿಂತ ಜಾಸ್ತಿ ಸಿಟ್ಟು. ಜಾವಾದಲ್ಲೇ ಇನ್‌ಪುಟ್‌ಸ್ಟ್ರೀಮ್‌ರೀಡರ್ ಅಂತ ಒಂದಿದೆ, ಉಳಿದ ಅರ್ಧ ಅಕ್ಷರವನ್ನು ತಾನೇ ಹಿಡಿದಿಟ್ಟುಕೊಂಡು ಮುಂದಿನ ಬೈಟ್ ಬಂದಾಗ ಜೋಡಿಸುತ್ತದೆ. ಅದಕ್ಕೂ ಯುಟಿಎಫ್-8 ಅಂತ ಬಾಯಿ ಬಿಟ್ಟು ಹೇಳಿ. 2022ರಲ್ಲಿ ಬಂದ ಜಾವಾ 18ರಿಂದ ಅದೇ ಡೀಫಾಲ್ಟ್ ಆಗಿದೆ, ಆದರೆ ಮಂಡಿಯ ಹಳೇ ಕಂಪ್ಯೂಟರ್‌ನಲ್ಲಿರುವ ಜಾವಾ ವಿಂಡೋಸ್ ಹೇಳಿದಂತೆ ಕೇಳುತ್ತದೆ, ಆಗ 'ಸ' ಬದಲು ತಲೆ ಮೇಲೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟಾಣಿ 2 ಬಂದು ಕೂರುತ್ತವೆ.

ಫೋಟೋದ್ದು ಇನ್ನೊಂದು ಕಥೆ. ಆಫೀಸಿನ ವೈಫೈನಲ್ಲಿ ಪೂರ್ತಿ ಬರುತ್ತಿತ್ತು, ಯಾರ್ಡಿನಿಂದ ಕಳಿಸಿದರೆ ಮೇಲೆ ಕೆಂಪು ಟೊಮೆಟೊ, ಕೆಳಗೆ ಬರೀ ಬೂದಿ ಬಣ್ಣ. ಬೈಟ್ ಓದಿಸುವ ರೀಡ್ ಅನ್ನೋ ಆಜ್ಞೆಯನ್ನು ಒಂದು ಸಲ ಕರೆದು ಕೇಳಿದಷ್ಟೂ ಬಂತು ಅಂದುಕೊಂಡಿದ್ದೆವು. ಅದು ಎಷ್ಟು ಬಂತು ಅಂತ ಸಂಖ್ಯೆ ಕೊಡುತ್ತದೆ, ಮುಗಿದರೆ -1 ಕೊಡುತ್ತದೆ, ನಾವು ನೋಡಲೇ ಇಲ್ಲ. ಹಮಾಲಿಗೆ 30 ಬಾಕ್ಸ್ ಇಳಿಸು ಅಂದ ತಕ್ಷಣ 30 ಇಳೀತು ಅಂತ ಯಾವ ರೈಟರ್ ಆದರೂ ಬರ್ಕೊತಾರಾ?

ಫೋಟೋವನ್ನು ಬೇಸ್64 ಮಾಡುವಾಗಲೂ, ಅಂದರೆ ಅದರ ಬೈಟ್‌ಗಳನ್ನು ಪಠ್ಯದ ರೂಪಕ್ಕೆ ತರುವಾಗಲೂ, ಇದೇ ಮೂರರ ಕಾಟ. ಅಲ್ಲಿ ಮೂರು ಬೈಟ್ ನಾಲ್ಕು ಅಕ್ಷರ ಆಗುತ್ತದೆ, 300 ಕೆಬಿ ಫೋಟೋ 400 ಕೆಬಿ. 1024 ಮೂರರ ಮಗ್ಗಿಯಲ್ಲಿ ಇಲ್ಲ, ಒಂದು ಉಳಿಯುತ್ತದೆ. ತುಂಡು ತುಂಡಾಗಿ ಎನ್‌ಕೋಡ್ ಮಾಡಿ ಅಂಟಿಸಿದರೆ ಪ್ರತಿ ತುಂಡಿನ ಕೊನೆಯಲ್ಲಿ ಎರಡೆರಡು ಈಕ್ವಲ್ ಚಿಹ್ನೆ. ನಡುವೆ ಅದನ್ನು ಕಂಡ ಡಿಕೋಡರ್ ಮುಷ್ಕರ ಹೂಡುತ್ತದೆ.

ಇದಕ್ಕೆಲ್ಲ ಕಾರಣ ಒಂದೇ ಅಂತ ನನ್ನ ಅನಿಸಿಕೆ. ಕೋಲಾರದಲ್ಲಿ ಕೂತು ಕೋಲಾರದವರಿಗೆ ಕೋಡ್ ಬರೆಯುತ್ತೇವೆ, ಟೆಸ್ಟ್‌ಗೆ ಮಾತ್ರ 'ಎಬಿಸಿ 123' ಹಾಕುತ್ತೇವೆ. ಅದು ಯಾವ ಕಾಲಕ್ಕೂ ಒಡೆಯಲ್ಲ. ಈಗ ಟೆಸ್ಟ್‌ಗೆ ಅಂತಲೇ ಸುಮ್ನೆ ಒಂದು ಸ್ಟ್ರೀಮ್ ಬರೆದಿಟ್ಟುಕೊಂಡಿದ್ದೇವೆ. ಎಷ್ಟೇ ಕೇಳಿದರೂ ಒಂದು ಸಲಕ್ಕೆ ಒಂದೇ ಬೈಟ್ ಕೊಡುತ್ತದೆ, ಜಿಪುಣ. ಅದರೊಳಗೆ ಇರುವುದು ಶ್ರೀನಿವಾಸಪುರ. ಹಳೇ ಕೋಡನ್ನು ಅದಕ್ಕೆ ಕೊಟ್ಟು ನೋಡಿದೆವು: ಸಾಲಾಗಿ 36 ಡೈಮಂಡ್.

ರೈಟರ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆ. "ಅಣ್ಣಾ, ಇಸ್ಪೀಟಲ್ಲಿ ಡೈಮಂಡ್ ಇರೋದೇ 13 ಅಲ್ವಾ" ಅಂದರು.